ಕಾಫಿ ತೋಟದ ಮನೆಯಲ್ಲಿ ಹೈ-ಫೈ, ಮುಳ್ಳಯ್ಯನಗಿರಿಯಲ್ಲಿ ಗಾಳಿ

ಹೈ-ಫೈ ಸೆಟ್ಟನ್ನು (ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್, ಆಂಪ್ಲಿಫೈಯರ್, ಸ್ಪೀಕರ್) ಕಾರಿಗೆ ತುಂಬಿಕೊಂಡು ಚಿಕ್ಕಮಗಳೂರಿಗೆ ಹೊರಡುತ್ತೇವೆ ಅಂದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಬೆಂಗಳೂರಿನಲ್ಲೇ ಕೂತು ಕೇಳಬಹುದಲ್ವಾ ಅನ್ನುವುದು ಅವರ ಪ್ರಶ್ನೆ. ಕೇಳಬಹುದು. ಆದರೆ ನನ್ನ ಫ್ಲಾಟಿನಲ್ಲಿ ಕೆಳಗೆ ರಸ್ತೆ, ಮೇಲೆ ಮಿಕ್ಸಿ, ಪಕ್ಕದಲ್ಲಿ ಟೀವಿ. ಈ ಸದ್ದನ್ನು ಮೀರಿ ಕೇಳಬೇಕು ಅಂದರೆ ವಾಲ್ಯೂಮ್ ಏರಿಸಬೇಕು. ವಾಲ್ಯೂಮ್ ಏರಿಸಿದರೆ ಕಿವಿ ಬೇಗ ದಣಿಯುತ್ತದೆ. ದಣಿದ ಕಿವಿಗೆ ಒಳ್ಳೆ ಸೆಟ್ಟೂ ಒಂದೇ, ಸಾಧಾರಣ ಸೆಟ್ಟೂ ಒಂದೇ.

ಹೈ-ಫೈ ಹುಚ್ಚಿನ ನಮ್ಮ ಗುಂಪಿನ ಒಬ್ಬ ಗೆಳೆಯನದು ಆಲ್ದೂರಿನ ಕಡೆ ಕಾಫಿ ತೋಟ. ಅಜ್ಜನ ಕಾಲದ ಮನೆ. ದಪ್ಪ ಗೋಡೆ, ಮಂಗಳೂರು ಹೆಂಚು, ರೆಡ್‌ಆಕ್ಸೈಡ್ ನೆಲ. ಹತ್ತಿರದಲ್ಲಿ ಬೇರೆ ಮನೆಯೇ ಇಲ್ಲ. ಡಿಸೆಂಬರಿನ ಒಂದು ವಾರಾಂತ್ಯಕ್ಕೆ ಅಲ್ಲಿ ಸೇರೋಣ, ಅರ್ಧ ಹೊತ್ತು ಹಾಡು ಕೇಳೋಣ, ಅರ್ಧ ಹೊತ್ತು ಬೆಟ್ಟ ಹತ್ತೋಣ ಅಂತ ತೀರ್ಮಾನವಾಯಿತು. ಮಳೆಗಾಲ ಬೇಡ ಅಂದಿದ್ದು ನಾನು. ಹೆಂಚಿನ ಮೇಲೆ ಮಲೆನಾಡಿನ ಮಳೆ ಬಿದ್ದರೆ ಎಂಥ ಸ್ಪೀಕರ್ ಇದ್ದರೂ ಬಾಯಿ ಮುಚ್ಚಿಕೊಂಡು ಕೂರಬೇಕು.

ಮೊದಲು ಸಾಗಿಸುವ ವಿಷಯ. ಬೆಂಗಳೂರಿನಿಂದ ಹಾಸನ, ಬೇಲೂರು ದಾಟಿ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಹೆದ್ದಾರಿ ಚೆನ್ನಾಗಿದೆ, ತೋಟದ ದಾರಿ ಮಾತ್ರ ಗುಂಡಿ. ಟರ್ನ್‌ಟೇಬಲ್ಲಿನ ಭಾರದ ತಟ್ಟೆಯನ್ನು ಬಿಚ್ಚಿ ಬೇರೆ ಸುತ್ತಬೇಕು. ಹಾಗೇ ಬಿಟ್ಟರೆ ಗುಂಡಿಗೆ ಬಿದ್ದಾಗಲೆಲ್ಲ ಅದರ ಭಾರ ಬೇರಿಂಗ್ ಮೇಲೆ ಕುಟ್ಟುತ್ತದೆ. ತೋಳನ್ನು ಕಟ್ಟಬೇಕು, ಸೂಜಿಗೆ ಮುಚ್ಚಳ ಹಾಕಬೇಕು, ಹಿಂದಿನ ತೂಕದ ಗುಂಡನ್ನು ಕಳಚಿಡಬೇಕು. ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಊಟಕ್ಕೆ ಇಳಿದಾಗ ಕಾರನ್ನು ನೆರಳಲ್ಲಿ ನಿಲ್ಲಿಸಬೇಕು. ಬಿಸಿಲಿಗೆ ನಿಂತ ಕಾರಿನೊಳಗೆ ವಿನೈಲ್ ಸೊಟ್ಟಗಾಗಲು ಜಾಸ್ತಿ ಹೊತ್ತು ಬೇಡ.

ತೋಟಕ್ಕೆ ಮುಟ್ಟಿದ ಕೂಡಲೇ ಎಲ್ಲರಿಗೂ ಸೆಟ್ ಜೋಡಿಸುವ ಆತುರ. ನಾನು ಮಾತ್ರ ಮೊದಲು ಮೀಟರ್ ಬೋರ್ಡಿನ ಹತ್ತಿರ ಹೋದೆ. ತೋಟದ ಮನೆಯಲ್ಲಿ ಆಂಪ್ಲಿಫೈಯರಿಗಿಂತ ದೊಡ್ಡ ಪಾತ್ರ ಕರೆಂಟಿನದು. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಹಗಲು ಕೊಯ್ದ ಹಣ್ಣನ್ನು ಮಧ್ಯಾಹ್ನದ ಮೇಲೆ ಸಿಪ್ಪೆ ಸುಲಿಯುವ ಯಂತ್ರಕ್ಕೆ, ಅಂದರೆ ಪಲ್ಪರಿಗೆ, ಹಾಕುತ್ತಾರೆ. ಪಲ್ಪರ್ ಮೋಟಾರು ಶುರುವಾಗುವ ಕ್ಷಣಕ್ಕೆ ಮನೆಯ ಬಲ್ಬು ಮಂಕಾಗುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದರೆ 230 ವೋಲ್ಟ್ ಇರಬೇಕಾದದ್ದು 190ರ ಹತ್ತಿರಕ್ಕೆ ಬಂದಿತ್ತು. ಒಬ್ಬ ಗೆಳೆಯ ತಾನೇ ಕಟ್ಟಿದ ವಾಲ್ವ್ ಆಂಪ್, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವುಗಳಿರುವ ಹಳೆ ಮಾದರಿಯ ಆಂಪ್ಲಿಫೈಯರ್, ತಂದಿದ್ದ. ವಾಲ್ವಿನ ಒಳಗೆ ಕಾಯುವ ತಂತಿ, ಫಿಲಮೆಂಟ್, 6.3 ವೋಲ್ಟಿಗೆ ಮಾಡಿದ್ದು. ಮೇನ್ಸ್ ಇಷ್ಟು ಕುಸಿದರೆ ಅದಕ್ಕೆ ಐದೂಕಾಲು ಸಿಕ್ಕರೆ ಹೆಚ್ಚು. ಹಾಗಾಗಿ ಸ್ಟೆಬಿಲೈಜರ್ ಇಲ್ಲದೆ ವಾಲ್ವ್ ಆಂಪನ್ನು ಆನ್ ಮಾಡುವುದಿಲ್ಲ ಅಂತ ಮೊದಲೇ ಹೇಳಿದ್ದೆ, ಅವನೂ ಸರ್ವೋ ಸ್ಟೆಬಿಲೈಜರ್ ಹೊತ್ತು ತಂದಿದ್ದ. ಅದೇ ಒಂದು ಮೂಟೆ ಭಾರ.

ಕರೆಂಟು ಹೋದರೆ ಏನು ಅನ್ನುವುದು ಮುಂದಿನ ಪ್ರಶ್ನೆ. ಮನೆಯ ಹಳೆ ಇನ್ವರ್ಟರ್ ಸ್ಕ್ವೇರ್ ವೇವ್ ಜಾತಿಯದು, ಅದರ ಕರೆಂಟು ಅಲೆಯಂತೆ ನಯವಾಗಿ ಏರಿಳಿಯದೆ ತಟ್ಟನೆ ಮೇಲೆ ಕೆಳಗೆ ಹಾರುತ್ತದೆ. ಫ್ಯಾನೇ ಅದರಲ್ಲಿ ಗುರ್ರೆನ್ನುತ್ತದೆ, ಆಂಪಿನ ಟ್ರಾನ್ಸ್‌ಫಾರ್ಮರ್ ಸುಮ್ಮನಿರುತ್ತದಾ? ಸಂಗೀತಕ್ಕೆ ನಯವಾಗಿ ಏರಿಳಿಯುವ ಶುದ್ಧ ಸೈನ್ ವೇವ್ ಇನ್ವರ್ಟರ್ ಬೇಕು. ಇನ್ನು ಜನರೇಟರ್. ಇದರ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು.

ನನ್ನ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ಲಿನಲ್ಲಿ ಇರುವುದು ಎಸಿ ಸಿಂಕ್ರೋನಸ್ ಮೋಟಾರು. ಅದು ವೋಲ್ಟೇಜಿಗೆ ತಲೆಕೆಡಿಸಿಕೊಳ್ಳುವುದಿಲ್ಲ, ಕರೆಂಟಿನ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಏರಿಳಿತ, ಹಿಡಿದುಕೊಂಡು ತಿರುಗುತ್ತದೆ. ಜನರೇಟರಿಗೆ ಹೊರೆ ಕಡಿಮೆ ಇದ್ದಾಗ 50ರ ಬದಲು 52 ಬರುವುದು ಮಾಮೂಲು. ಅಂದರೆ ರೆಕಾರ್ಡು ಶೇಕಡ 4ರಷ್ಟು ಬೇಗ ತಿರುಗುತ್ತದೆ, ಶ್ರುತಿಯೂ ಅಷ್ಟೇ ಏರುತ್ತದೆ. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಸುಮಾರು 6 ಶೇಕಡ ಅಂತರ. ಅದರಲ್ಲಿ ಮೂರರಲ್ಲಿ ಎರಡು ಪಾಲು! ನಮ್ಮಲ್ಲಿ ಒಬ್ಬ ವೀಣೆ ಕಲಿತವನು. ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳುತ್ತಿದ್ದಾಗ ಕರೆಂಟು ಹೋಯಿತು, ತೋಟದ ಲೆಕ್ಕ ನೋಡುವ ರೈಟರು ಜನರೇಟರ್ ಹಾಕಿಸಿದರು. ಉಳಿದವರಿಗೆ ಸಂಗೀತ ವಾಪಸು ಬಂತು ಅನ್ನುವುದಷ್ಟೇ ಗೊತ್ತಾಗಿದ್ದು. ಇವನು ತಟ್ಟನೆ ಮೊಬೈಲಿನಲ್ಲಿ ತಂಬೂರಿ ಹಚ್ಚಿ, “ಏಯ್, ಶ್ರುತಿ ಓಡಿಹೋಗ್ತಾ ಇದೆ ಮಾರಾಯ” ಅಂದ. ತೋಟದ ಗೆಳೆಯ ಗೀಸರ್ ಆನ್ ಮಾಡಿದ. ಹೊರೆ ಬಿದ್ದ ಕೂಡಲೇ ಜನರೇಟರ್ ನಿಧಾನವಾಯಿತು, ಶ್ರುತಿ ಇಳಿಯಿತು. ಗೀಸರ್ ಹಾಕಿ ವೀಣೆಯ ಶ್ರುತಿ ಕೂಡಿಸಿದ್ದು ಅಂತ ಆಮೇಲೆ ರಾತ್ರಿಯಿಡೀ ಅದೇ ತಮಾಷೆ. ಬೆಲ್ಟ್ ಇಲ್ಲದೆ ಮೋಟಾರೇ ತಟ್ಟೆಯನ್ನು ತಿರುಗಿಸುವ, ವೇಗವನ್ನು ಕ್ವಾರ್ಟ್ಜ್ ಹರಳು ಕಾಯುವ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ಲಿಗೆ ಈ ರೋಗ ಇಲ್ಲ. ಹಳ್ಳಿ ಕಡೆ ಇರುವವರು ಕೊಳ್ಳುವಾಗ ಇದೊಂದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಹಮ್ ಸದ್ದೂ ಇತ್ತು. ಟರ್ನ್‌ಟೇಬಲ್ಲಿನ ಅರ್ತ್ ವೈರನ್ನು ಆಂಪಿಗೆ ಕೊಟ್ಟ ಮೇಲೂ ಗುಂಯ್ ಅನ್ನುತ್ತಿತ್ತು. ಬೇರೆ ಬೇರೆ ಗೋಡೆಯ ಪ್ಲಗ್ಗುಗಳಿಂದ ಎಳೆದಿದ್ದ ಎಲ್ಲವನ್ನೂ ಒಂದೇ ಬೋರ್ಡಿಗೆ ತಂದಾಗ ಬಹಳಷ್ಟು ಕಡಿಮೆಯಾಯಿತು. ಮನೆಯ ಹಿಂದಿನ ಅರ್ತಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ಅದಕ್ಕೂ ಒಂದೆರಡು ಕೊಡ ನೀರು ಹಾಕಿಸಿದೆವು. ಸಂಗೀತಕ್ಕಲ್ಲದಿದ್ದರೂ ಜೀವಕ್ಕೆ ಒಳ್ಳೆಯದು.

ಇನ್ನು ಕೋಣೆ. ಹಜಾರದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ರೆಡ್‌ಆಕ್ಸೈಡ್ ನೆಲ, ಗಾರೆ ಗೋಡೆ: ಚಪ್ಪಾಳೆ ಝಿಣ್ ಅಂತ ವಾಪಸು ಬಂತು. ಅಟ್ಟದಿಂದ ಕಂಬಳಿ, ಜಮಖಾನ ಇಳಿಸಿದೆವು. ಸ್ಪೀಕರಿನ ಮುಂದಿನ ನೆಲಕ್ಕೆ ಜಮಖಾನ ಹಾಸಿದೆವು. ಸ್ಪೀಕರಿನ ದನಿ ಮೊದಲು ಬಡಿಯುವ ಪಕ್ಕದ ಗೋಡೆಯ ಜಾಗಕ್ಕೆ ಕಂಬಳಿ ನೇತುಹಾಕಿದೆವು. ಆ ಜಾಗ ಹುಡುಕುವುದು ಸುಲಭ. ನೀವು ಕೇಳುವ ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಹಿಡಿದು ಸರಿಯಲಿ. ಸ್ಪೀಕರ್ ಎಲ್ಲಿ ಕಾಣುತ್ತದೋ ಅದೇ ಜಾಗ. ಸ್ಪೀಕರುಗಳನ್ನು ಹಿಂದಿನ ಗೋಡೆಯಿಂದ ಮೂರಡಿ ಮುಂದಕ್ಕೆ ತಂದು, ಅವೆರಡರ ನಡುವೆ ಎಷ್ಟು ಅಂತರವೋ ಕುರ್ಚಿಗೂ ಅಷ್ಟೇ ಬರುವಂತೆ ತ್ರಿಕೋನ ಮಾಡಿದೆವು. 12 ಅಡಿ ಅಗಲದ ಕೋಣೆಯಲ್ಲಿ ಸುಮಾರು 47 ಹರ್ಟ್ಜ್‌ನ ಸುತ್ತ ಬಾಸ್ ಉಬ್ಬುವುದು ಲೆಕ್ಕದ ಪ್ರಕಾರ ಸಹಜ. ಇಲ್ಲಿ ಅದು ಅಷ್ಟಾಗಿ ಕಾಡಲಿಲ್ಲ. ಹೆಂಚಿನ ಸಂದಿಯಿಂದ ಬಾಸ್ ಆಚೆ ಹೋಗಿಬಿಡುತ್ತದೆ. ಕಾಂಕ್ರೀಟ್ ಡಬ್ಬದಂಥ ಫ್ಲಾಟಿನಲ್ಲಿ ಇರುವ ನನಗೆ ಈ ಸುಖ ಎಲ್ಲಿ ಬರಬೇಕು!

ಶನಿವಾರ ಬೆಳಗ್ಗೆ ಎದ್ದು ಹಾಕಿದ ಮೊದಲ ರೆಕಾರ್ಡೇ ಕರ್ಕಶ. ಹಿಂದಿನ ರಾತ್ರಿ ಇದೇ ರೆಕಾರ್ಡು ಬೆಣ್ಣೆಯಂತಿತ್ತು. ಕಾರಣ ಚಳಿ. ಸೂಜಿಯ ಕಡ್ಡಿಯನ್ನು ಹಿಡಿದಿರುವುದು ಒಂದು ಚಿಕ್ಕ ರಬ್ಬರ್. ಚಳಿಗೆ ಅದು ಬಿರುಸಾಗುತ್ತದೆ, ಸೂಜಿ ಗೆರೆಯನ್ನು ಸರಿಯಾಗಿ ಹಿಂಬಾಲಿಸುವುದಿಲ್ಲ. ರೆಕಾರ್ಡಿನ ಕೊನೆಗೆ ಇದು ಇನ್ನೂ ಜಾಸ್ತಿ. ಹೊರಗಿನ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬರುವಾಗ ಅದು 21ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಬಾಗಿಲು ಕಿಟಕಿ ಮುಚ್ಚಿ ವಾಲ್ವ್ ಆಂಪ್ ಆನ್ ಮಾಡಿ ತಿಂಡಿಗೆ ಹೋದೆವು. ಅಕ್ಕಿ ರೊಟ್ಟಿ, ಎಣ್ಣೆಗಾಯಿ ಮುಗಿಸಿ ಬರುವಷ್ಟರಲ್ಲಿ ಕೋಣೆಯೂ ಬೆಚ್ಚಗಾಗಿತ್ತು, ಸೂಜಿಯೂ ಸರಿಯಾಗಿತ್ತು. ಅಂದ ಹಾಗೆ, ಹಾಗೆ ಆನ್ ಮಾಡಿ ಬಿಡುವಾಗ ವಾಲ್ವ್ ಆಂಪಿಗೆ ಸ್ಪೀಕರ್ ಸೇರಿಸಿಯೇ ಇರಬೇಕು. ಸ್ಪೀಕರ್ ಇಲ್ಲದೆ ಸಿಗ್ನಲ್ ಹೋದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.

ಆಮೇಲೆ ಶುರುವಾಯಿತು ಹೋಲಿಕೆ. ವಾಲ್ವಾ, ಟ್ರಾನ್ಸಿಸ್ಟರಾ? ಇದು ಎಲ್ಲ ಕೂಟದಲ್ಲೂ ಬರುವ ಜಗಳ. ನನ್ನ ನಿಯಮ ಒಂದೇ: ದನಿಯ ಮಟ್ಟ ಸಮ ಮಾಡದೆ ಯಾರೂ ಬಾಯಿ ಬಿಡಬಾರದು. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ, ಜೋರಾಗಿದೆ ಅಂತ ಗೊತ್ತೂ ಆಗುವುದಿಲ್ಲ. 1000 ಹರ್ಟ್ಜ್‌ನ ಟೋನ್ ಹಾಕಿ, ಸ್ಪೀಕರಿನ ತುದಿಗೆ ಮಲ್ಟಿಮೀಟರ್ ಇಟ್ಟು, ಒಂದರಲ್ಲಿ 2 ವೋಲ್ಟ್ ಬಂದರೆ ಇನ್ನೊಂದರಲ್ಲೂ 2 ವೋಲ್ಟ್ ಬರುವವರೆಗೆ ತಿರುಗಿಸಿದೆವು. 0.05 ವೋಲ್ಟ್ ಆಚೀಚೆ ಆದರೆ ಸುಮಾರು 0.2 ಡೆಸಿಬೆಲ್, ಅಷ್ಟು ನಡೆಯುತ್ತದೆ. ಮಟ್ಟ ಸಮವಾದ ಮೇಲೆ ಅರ್ಧ ಜಗಳ ತಾನಾಗಿ ತಣ್ಣಗಾಯಿತು. ಆಂಪುಗಳ ಮೇಲೆ ಬೆಡ್‌ಶೀಟ್ ಹೊದೆಸಿ, ಯಾವುದು ಹಾಡುತ್ತಿದೆ ಅಂತ ಹೇಳದೆ ಬದಲಿಸಿದಾಗ ಉಳಿದ ವ್ಯತ್ಯಾಸ ಚಿಕ್ಕದು, ಆದರೆ ನಿಜ. ಸ್ಪೀಕರು ಕರೆಂಟಿಗೆ ಒಡ್ಡುವ ತಡೆ, ಇಂಪೀಡೆನ್ಸ್, ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಅದು ಏರಿಳಿದಂತೆ ವಾಲ್ವ್ ಆಂಪಿನ ದನಿಯೂ ಒಂದಿಷ್ಟು ಬಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಗಂಟಲಿಗೆ ಆ ಬಾಗು ಒಪ್ಪಿತು. ತಬಲಾದ ಎಡಗೈಯ ಬಾಯಾಂಗೆ ಒಪ್ಪಲಿಲ್ಲ.

ಗೆಳೆಯನ ಅಮ್ಮ ಅಡುಗೆಮನೆಯಿಂದ ಬಂದರು. “ಏನ್ರಪ್ಪಾ, ಬೆಳಗ್ಗಿನಿಂದ ಒಂದೇ ತುಂಡು ಹಾಕಿ ಹಾಕಿ ತೆಗೀತಿದ್ದೀರಿ. ಪೂರ್ತಿ ಹಾಡು ಕೇಳೋದು ಯಾವಾಗ?”

“ಇದು ಪರೀಕ್ಷೆ ಅಮ್ಮಾ, ಹಾಡು ಸಂಜೆಗೆ” ಅಂದ ವಾಲ್ವಿನವನು.

“ಪರೀಕ್ಷೆ ನಾನು ಒಳಗಿಂದಲೇ ಮಾಡಿದೆ. ಈಗ ಹಾಕಿದ್ದಕ್ಕಿಂತ ಅದರ ಹಿಂದಿನದ್ದರಲ್ಲಿ ಮಾತು ಚೆನ್ನಾಗಿ ತಿಳೀತಿತ್ತು.”

ಅವರು ಹೇಳಿದ್ದು, ಬೆಡ್‌ಶೀಟ್ ಪರೀಕ್ಷೆಯಲ್ಲಿ ನಾವು ಚೀಟಿಯಲ್ಲಿ ಬರೆದಿಟ್ಟಿದ್ದಕ್ಕೆ ಸರಿಯಾಗಿ ಹೊಂದಿತು. ಪಕ್ಕದ ಕೋಣೆಯಿಂದ ಕೇಳುವುದು ನಿಜಕ್ಕೂ ಒಳ್ಳೆ ಪರೀಕ್ಷೆ. ಅಲ್ಲಿ ಸ್ಟೀರಿಯೋ ಚಮತ್ಕಾರ ಇರುವುದಿಲ್ಲ, ದನಿಯ ಬಣ್ಣವೊಂದೇ ಉಳಿಯುತ್ತದೆ. ಅಲ್ಲಿಗೆ ಹೋಲಿಕೆ ಬಂದ್. ಮಧ್ಯಾಹ್ನದ ಊಟದ ಮೇಲೆ ಹೋಲಿಕೆ ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಿವಿ ದಣಿದಿರುತ್ತದೆ, ಹೊಟ್ಟೆ ತುಂಬಿರುತ್ತದೆ, ಮಾತು ಮಾತ್ರ ಜಾಸ್ತಿಯಾಗಿರುತ್ತದೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ, ಸುಮಾರು 1930 ಮೀಟರ್. ಈಗ ವಾಹನಕ್ಕೆ ಮೊದಲೇ ಆನ್‌ಲೈನಿನಲ್ಲಿ ಹೆಸರು ಹಚ್ಚಿಸಿಕೊಳ್ಳಬೇಕು. ಹಾಗೇ ಹೋಗಿ ಕೈಮರದ ಚೆಕ್‌ಪೋಸ್ಟಿನಲ್ಲಿ ವಾದ ಮಾಡಬೇಡಿ. ಕೈಮರ ದಾಟಿದರೆ ತಿರುವಿನ ಮೇಲೆ ತಿರುವು. ಮೊದಲು ಸಿಲ್ವರ್ ಓಕ್ ನೆರಳಿನ ಕಾಫಿ ತೋಟ, ಆಮೇಲೆ ಮರಗಳು ಹಿಂದೆ ಬಿದ್ದು ಬರೀ ಹುಲ್ಲು. ಕಣಿವೆಯ ಮಡಿಲುಗಳಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು. ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿದರೆ ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಚಿಕ್ಕ ಗುಡಿ. ಚಂದ್ರದ್ರೋಣ ಬೆಟ್ಟಸಾಲು ಅರ್ಧಚಂದ್ರದಂತೆ ಬಾಗಿದೆ ಅನ್ನುವುದು ಅಲ್ಲಿ ನಿಂತಾಗ ಕಣ್ಣಿಗೇ ಕಾಣುತ್ತದೆ. ಕೆಳಗೆ ಮೋಡ ತುಂಬಿತ್ತು. ಬಾಬಾಬುಡನ್‌ಗಿರಿಯ ಕಡೆಯ ನೆತ್ತಿಗಳಷ್ಟೇ ಮೇಲೆ ಎದ್ದಿದ್ದವು.

ಗಾಳಿ ಮಾತ್ರ ಭಯಂಕರ. ಪಕ್ಕದಲ್ಲಿದ್ದವನು ಕೂಗಿ ಹೇಳಿದ್ದೂ ಕೇಳಿಸದು. ಅಲ್ಲೂ ನಮ್ಮವರ ಚರ್ಚೆ ನಿಲ್ಲಲಿಲ್ಲ. ಎತ್ತರದಲ್ಲಿ ಗಾಳಿ ತೆಳು, ಹಾಗಾಗಿ ಶಬ್ದ ನಿಧಾನವಾಗಿ ಹೋಗುತ್ತದೆ ಅಂತ ಒಬ್ಬ ಕಿರುಚಿದ. ಶಬ್ದದ ವೇಗಕ್ಕೂ ಗಾಳಿಯ ಒತ್ತಡಕ್ಕೂ ಸಂಬಂಧ ಇಲ್ಲ, ಉಷ್ಣತೆಗೆ ಇದೆ. ಒಂದು ಡಿಗ್ರಿ ಇಳಿದರೆ ಸೆಕೆಂಡಿಗೆ ಸುಮಾರು 0.6 ಮೀಟರ್ ಕಡಿಮೆಯಾಗುತ್ತದೆ. ಚಳಿ ಇತ್ತಾದ್ದರಿಂದ ಅವನ ಉತ್ತರ ಸರಿ, ಕಾರಣ ತಪ್ಪು. ಸೀತಾಳಯ್ಯನಗಿರಿಯಲ್ಲಿ ಸ್ವಲ್ಪ ಹೊತ್ತು ನಿಂತು, ಬಿಸಿ ಮಿರ್ಚಿ ತಿಂದು ಇಳಿದೆವು. ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ ನೋಡಬೇಕೆಂಬ ಆಸೆ ಇತ್ತು. ವಾಹನಗಳ ಸಾಲು ನೋಡಿ ಬಿಟ್ಟೆವು.

ಬೆಟ್ಟದಿಂದ ಇಳಿದ ಮೇಲೆ ಒಂದು ಗಂಟೆ ಏನೂ ಕೇಳಬಾರದು. ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಂಡಿರುತ್ತದೆ. ಆಗ ಸೆಟ್ ಹಾಕಿದರೆ ಟ್ರೆಬಲ್ ಇಲ್ಲ ಅಂತ ಸ್ಪೀಕರನ್ನು ಬೈಯುತ್ತೀರಿ. ನಾವು ಸ್ನಾನ, ಊಟ ಮುಗಿಸಿ ಕೂತೆವು. ಗಾಳಿಯ ಆ ಗದ್ದಲ ಕೇಳಿ ಬಂದ ಕಿವಿಗೆ ತೋಟದ ಮನೆ ಎಷ್ಟು ನಿಶ್ಶಬ್ದ ಅನ್ನಿಸಿತು ಅಂದರೆ, ಹಿಂದಿನ ದಿನಕ್ಕಿಂತ ವಾಲ್ಯೂಮನ್ನು ಎರಡು ಗೆರೆ ಕೆಳಗೆ ಇಟ್ಟೇ ಕೇಳಿದೆವು. ಯಾರೂ ಸೆಟ್ಟಿನ ಮಾತು ತೆಗೆಯಲಿಲ್ಲ. ಅಮ್ಮನಿಗಾಗಿ ಪಿ.ಬಿ. ಶ್ರೀನಿವಾಸ್ ಹಾಡಿದ, ನಿಮಿಷಕ್ಕೆ 45 ಸುತ್ತಿನ ಚಿಕ್ಕ ರೆಕಾರ್ಡುಗಳನ್ನೂ ಹಾಕಿದೆವು, ಪೂರ್ತಿ.

ಹೊರಡುವ ಮುಂಚೆ ಅವರು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿಕೊಟ್ಟರು. ಒಳಗೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ಕಾಲದ ರೆಕಾರ್ಡುಗಳು, 78ರ ತಟ್ಟೆಗಳು. ಒಂದರ ಲೇಬಲ್ಲಿನಲ್ಲಿ ಗಾಂಧಾರಿ ಅಂತಿತ್ತು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡುಗಳು ಬಂದದ್ದು ಆ ಹೆಸರಿನಲ್ಲಿ, ಆಗ ಅವರ ದನಿಯೂ ತೆಳು, ಎತ್ತರ. ಎಲ್ಲರಿಗೂ ಆಗಲೇ ಕೇಳುವ ಆಸೆ. ನಾನು ಬಿಡಲಿಲ್ಲ. ನಾವು ಹಾಕುತ್ತಿದ್ದ ಎಲ್‌ಪಿ ರೆಕಾರ್ಡಿನ ಸೂಜಿ 78ರ ಗೆರೆಗೆ ತೀರಾ ಸಣ್ಣದು, ತಳಕ್ಕೆ ಬಿದ್ದು ಗೀರುತ್ತದೆ. ಅದಕ್ಕೆ ಸುಮಾರು ನಾಲ್ಕು ಪಟ್ಟು ದಪ್ಪದ ಬೇರೆ ಸೂಜಿ ಬೇಕು. ನಮ್ಮ ಟರ್ನ್‌ಟೇಬಲ್ಲುಗಳಿಗೆ ಆ ವೇಗವೂ ಇರಲಿಲ್ಲ. ಬೂಷ್ಟು ಹಿಡಿದಿದ್ದನ್ನು ಒರೆಸಲು ಒಬ್ಬ ಸ್ಪಿರಿಟ್ ಬಾಟಲಿ ತೆಗೆದ, ಅದನ್ನೂ ತಡೆದೆ. 78ರ ತಟ್ಟೆ ಅರಗಿನದು, ಸ್ಪಿರಿಟ್ ಬಿದ್ದರೆ ಕರಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಲೇಬಲ್ ತೋಯಿಸದೆ ಒರೆಸಿ, ಒಣಗಿಸಿ, ಹೊಸ ಕಾಗದದ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ ಬಂದಿದ್ದೇವೆ. 78ರ ವೇಗ ಇರುವ ಟರ್ನ್‌ಟೇಬಲ್ ಒಂದನ್ನು ವೀಣೆಯವನು ಹುಡುಕುತ್ತಿದ್ದಾನೆ, ಸೂಜಿಗೆ ನಾನು ಆರ್ಡರ್ ಕೊಟ್ಟಿದ್ದೇನೆ. ಮಳೆ ಹಿಡಿಯುವುದರೊಳಗೆ ಎರಡೂ ಕೈಗೆ ಸಿಕ್ಕರೆ ಮತ್ತೆ ಆಲ್ದೂರು.