ಜಾನ್ ಹ್ಯಾಂಪ್ಡನ್ ಬದುಕನ್ನು ಜಮೀನಿನಿಂದ ಓದಿ

ಹದಿನೇಳನೇ ಶತಮಾನದ ಇಂಗ್ಲೆಂಡಿನ ಜಮೀನುದಾರ ರಾಜಕಾರಣಿಯೊಬ್ಬನ ಬದುಕು ತಿಳಿಯಬೇಕೇ? ಯುದ್ಧದಿಂದ ಶುರು ಮಾಡಬೇಡಿ, ಜಮೀನಿನಿಂದ ಶುರು ಮಾಡಿ. ಕಂದಾಯ ಇಲಾಖೆಯಲ್ಲಿ ದುಡಿದವಳು ನಾನು, ಮೊದಲು ಕಣ್ಣು ಹೋಗುವುದೇ ಅಲ್ಲಿಗೆ. ರಾಜನ ತೆರಿಗೆ ಕಟ್ಟದೆ ಎದುರು ನಿಂತ ಪಾರ್ಲಿಮೆಂಟ್ ಸದಸ್ಯ ಜಾನ್ ಹ್ಯಾಂಪ್ಡನ್‌ನನ್ನೇ ತೆಗೆದುಕೊಳ್ಳಿ.

ಬಕಿಂಗ್‌ಹ್ಯಾಮ್‌ಶೈರ್ ನಕ್ಷೆಯಲ್ಲಿ ಮೂರು ಊರು ಗುರುತು ಹಾಕಿ. ಗ್ರೇಟ್ ಹ್ಯಾಂಪ್ಡನ್ ಮನೆತನದ ಊರು. ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಜಮೀನು. ವೆಂಡೋವರ್ ಅವನನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿದ ಪಟ್ಟಣ. ಮೂರೂ ಅಕ್ಕಪಕ್ಕದಲ್ಲೇ ಇವೆ.

ಆಮೇಲೆ ತೆರಿಗೆ. ಇಲ್ಲಿ ಮಾತ್ರ ಅವಸರ ಬೇಡ. ಹಡಗು ತೆರಿಗೆ ಅಂದರೆ ನೌಕಾಪಡೆಗೆಂದು ರಾಜ ಎತ್ತುತ್ತಿದ್ದ ಹಣ, ಅದು ಕರಾವಳಿ ಊರು, ಬಂದರು ಪಟ್ಟಣಗಳಿಗೆ ಬೀಳುತ್ತಿದ್ದದ್ದು. 1635ರಲ್ಲಿ ರಾಜ ಒಂದನೇ ಚಾರ್ಲ್ಸ್ ಪಾರ್ಲಿಮೆಂಟನ್ನು ಕೇಳದೆಯೇ ಅದನ್ನು ಒಳನಾಡಿಗೂ ಹಾಕಿದ. ಸಮುದ್ರವೇ ಇಲ್ಲದ ಬಕಿಂಗ್‌ಹ್ಯಾಮ್‌ಶೈರ್ ಮೇಲೆ 4,500 ಪೌಂಡ್ ಬಿತ್ತು. ಸ್ಟೋಕ್ ಮ್ಯಾಂಡೆವಿಲ್ ಜಮೀನಿಗೆ ಹ್ಯಾಂಪ್ಡನ್ ಕಟ್ಟಬೇಕಿದ್ದದ್ದು 20 ಷಿಲಿಂಗ್, ಅಂದರೆ ಒಂದೇ ಪೌಂಡ್. ಅಂಥ ಸ್ಥಿತಿವಂತನಿಗೆ ಅದೇನು ಜಾಸ್ತಿ ಹಣವಲ್ಲ. ಆದರೂ ಕಟ್ಟಲಿಲ್ಲ. ಒಂದು ಸಲ ಸುಮ್ನೆ ಕೊಟ್ಟರೆ ಪ್ರತಿ ವರ್ಷ ಕೇಳುತ್ತಾರೆ, ಅಲ್ವಾ? 1637ರಲ್ಲಿ ವಿಚಾರಣೆ ಶುರುವಾಯಿತು. 12 ನ್ಯಾಯಾಧೀಶರಲ್ಲಿ 7 ಮಂದಿ ರಾಜನ ಕಡೆ, 5 ಮಂದಿ ಹ್ಯಾಂಪ್ಡನ್ ಕಡೆ. ಕೇಸು ಸೋತಿತು. ಆದರೆ ಆ ಐವರೂ ರಾಜನ ನ್ಯಾಯಾಧೀಶರೇ! ನನಗೆ ಇಡೀ ಕಥೆಯಲ್ಲಿ ತುಂಬಾ ದೊಡ್ಡದಾಗಿ ಕಾಣುವುದು ಈ ಲೆಕ್ಕವೇ. 1641ರಲ್ಲಿ ಪಾರ್ಲಿಮೆಂಟ್ ಈ ತೆರಿಗೆಯನ್ನೇ ಅಕ್ರಮ ಎಂದು ಸಾರಿತು.

ನೆಂಟಸ್ತಿಕೆಯನ್ನೂ ಬರೆದುಕೊಳ್ಳಿ. ತಾಯಿ ಎಲಿಜಬೆತ್ ಕ್ರಾಮ್‌ವೆಲ್ ಮನೆತನದವರು. ಮುಂದೆ ಪಾರ್ಲಿಮೆಂಟ್ ಸೇನೆಯ ನಾಯಕನಾದ ಆಲಿವರ್ ಕ್ರಾಮ್‌ವೆಲ್ ಇವನಿಗೆ ಸೋದರ ಸಂಬಂಧಿ.

ತಾರೀಖು ನೋಡುವಾಗ ಹುಷಾರು. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹ್ಯಾಂಪ್ಡನ್, ಪಾರ್ಲಿಮೆಂಟಿನಲ್ಲಿ ರಾಜನ ವಿರೋಧಿಗಳ ಮುಂದಾಳು ಪಿಮ್ ಸೇರಿ ಐವರು ಸದಸ್ಯರನ್ನು ಹಿಡಿಯಲು ರಾಜ ಸದನಕ್ಕೇ ನುಗ್ಗಿದ್ದು ನಮ್ಮ ಲೆಕ್ಕದಲ್ಲಿ 1642ರ ಜನವರಿ 4. ಆ ಕಾಲದ ಕಾಗದಗಳಲ್ಲಿ ಅದು 1641. ಜನವರಿಯಿಂದ ಮಾರ್ಚ್ 24ರವರೆಗಿನ ತಾರೀಖಿಗೆಲ್ಲ ಎರಡೂ ವರ್ಷ ಬರೆದಿಡಿ: 1641/42.

ಯುದ್ಧದ ಮಾತು ಕೊನೆಗೆ ಬರಲಿ. ಅದು ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧ, ಹ್ಯಾಂಪ್ಡನ್ ಪಾರ್ಲಿಮೆಂಟ್ ಕಡೆ. 1643ರ ಜೂನ್ 18ರಂದು ಚಾಲ್‌ಗ್ರೋವ್‌ನಲ್ಲಿ ಗಾಯವಾಯಿತು, 24ರಂದು ಥೇಮ್ ಊರಲ್ಲಿ ಪ್ರಾಣ ಹೋಯಿತು. ಶತ್ರುವಿನ ಗುಂಡು ಭುಜಕ್ಕೆ ತಗುಲಿತು ಎಂದು ಒಂದು ಮಾತು, ಅವನದೇ ಪಿಸ್ತೂಲು ಸಿಡಿಯಿತು ಎಂದು ಇನ್ನೊಂದು. 1828ರಲ್ಲಿ ಗ್ರೇಟ್ ಹ್ಯಾಂಪ್ಡನ್ ಚರ್ಚಿನಲ್ಲಿ ಸಮಾಧಿ ತೆರೆದು ನೋಡಿದರೂ ಜಗಳ ಬಗೆಹರಿಯಲಿಲ್ಲ. ನಿಮ್ಮ ಪುಸ್ತಕದಲ್ಲಿ ಎರಡನ್ನೂ ಬರೆಯಿರಿ. ಯಾವುದನ್ನು ಯಾರು, ಯಾವಾಗ ಹೇಳಿದರು ಅನ್ನುವುದನ್ನು ಪಕ್ಕದಲ್ಲೇ ಹಾಕಿ.