ಕ್ರೂಗರ್‌ನಲ್ಲಿ ಹಕ್ಕಿಗಾಗಿ ಕಾರು ನಿಲ್ಲಿಸುತ್ತಾ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಹೆಚ್ಚಿನವರ ತಲೆಯಲ್ಲಿ ಸಿಂಹ, ಚಿರತೆ, ಘೇಂಡಾಮೃಗ ಇರುತ್ತವೆ. ನಾನು ಹೋಗಿದ್ದು ಹಕ್ಕಿಗೆ. ಅಲ್ಲಿ 500ಕ್ಕೂ ಜಾಸ್ತಿ ಜಾತಿಯ ಹಕ್ಕಿಗಳಿವೆ. ಹಾಗಾಗಿ ಮೊದಲೇ ಒಂದು ತೀರ್ಮಾನ ಮಾಡಿದ್ದೆ: ಸಫಾರಿ ಜೀಪು ಬೇಡ, ಬಾಡಿಗೆ ಕಾರು ತಗೊಂಡು ನಾನೇ ಓಡಿಸುತ್ತೇನೆ.

ಕಬಿನಿಯಲ್ಲೋ ಬಂಡೀಪುರದಲ್ಲೋ ಸಫಾರಿಗೆ ನಮ್ಮ ಕಾರನ್ನು ಒಳಗೆ ಬಿಡುವುದಿಲ್ಲ. ಕ್ರೂಗರ್‌ನಲ್ಲಿ ಬಿಡುತ್ತಾರೆ. ಅಲ್ಲೂ ರಸ್ತೆಯ ಎಡಗಡೆಯೇ ಓಡಿಸುವುದರಿಂದ ನಮಗೆ ಕಷ್ಟವಿಲ್ಲ. ಟಾರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣು ರಸ್ತೆಯಲ್ಲಿ 40 ಕಿ.ಮೀ. ಮಿತಿ. ಹಕ್ಕಿ ನೋಡುವವರಿಗೆ ಅದೂ ಜಾಸ್ತಿಯೇ, ನಾನು ಇಪ್ಪತ್ತರಲ್ಲಿ ತೆವಳುತ್ತಿದ್ದೆ. ಗುರುತು ಮಾಡಿದ ಜಾಗ ಬಿಟ್ಟರೆ ಬೇರೆಲ್ಲೂ ಇಳಿಯುವಂತಿಲ್ಲ. ಆದರೆ ಹಕ್ಕಿಗಳು ಮನುಷ್ಯನಿಗೆ ಹೆದರುವಷ್ಟು ಕಾರಿಗೆ ಹೆದರುವುದಿಲ್ಲ. ಕಿಟಕಿ ಇಳಿಸಿ, ಎಂಜಿನ್ ಆಫ್ ಮಾಡಿ ಕೂತರೆ ಸಾಕು. ಎಂಜಿನ್ ಓಡುತ್ತಿದ್ದರೆ ದುರ್ಬೀನಿನಲ್ಲಿ ಎಲ್ಲ ನಡುಗುತ್ತದೆ. ಊರಿಂದ ಒಂದು ಖಾಲಿ ಬಟ್ಟೆ ಚೀಲ ಒಯ್ದಿದ್ದೆ. ಅಲ್ಲಿನ ಅಂಗಡಿಯಲ್ಲಿ ಅಕ್ಕಿ ಕೊಂಡು ತುಂಬಿಸಿ ಕಿಟಕಿಯ ಮೇಲಿಟ್ಟೆ. ಕ್ಯಾಮೆರಾಗೆ ಅದಕ್ಕಿಂತ ಒಳ್ಳೆ ಆಸರೆ ಇನ್ನೊಂದಿಲ್ಲ.

ಜೀಪು ಯಾಕೆ ಬೇಡ ಅಂದೆ ಅಂದರೆ, ಅದರಲ್ಲಿ ಹತ್ತು ಜನ ಇರುತ್ತಾರೆ. ಮೊದಲ ಹದ್ದಿಗೆ ಎಲ್ಲರೂ ಖುಷಿಪಡುತ್ತಾರೆ. ಎರಡನೆಯದಕ್ಕೆ ನಿಲ್ಲಿಸಿ ಅಂದರೆ ಹಿಂದಿನ ಸೀಟಿನಿಂದ ನಿಟ್ಟುಸಿರು ಕೇಳುತ್ತದೆ. ಅವರದೂ ತಪ್ಪಲ್ಲ ಬಿಡಿ.

ಡಿಸೆಂಬರ್ ಕೊನೆಗೆ ಹೋದೆ. ಅಲ್ಲಿ ಆಗ ಬೇಸಿಗೆ, ಮಳೆಯೂ ಅದೇ ಕಾಲದಲ್ಲಿ. ಹುಲ್ಲು ಎತ್ತರ ಬೆಳೆದು ಪ್ರಾಣಿಗಳು ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಎಲ್ಲರೂ ಚಳಿಗಾಲಕ್ಕೆ ಹೋಗಿ ಅನ್ನುತ್ತಾರೆ. ಆದರೆ ವಲಸೆ ಹಕ್ಕಿಗಳೆಲ್ಲ ಇರುವುದು ಬೇಸಿಗೆಯಲ್ಲೇ. ಯೂರೋಪಿನ ಕಳ್ಳಿಪೀರಗಳು, ಕೋಗಿಲೆ ಜಾತಿಯವು, ಕೆಂಪು ಮೇಲ್ಗೊಕ್ಕಿನ ಕಾಡು ಮಿಂಚುಳ್ಳಿ. ಈ ಮಿಂಚುಳ್ಳಿ ನೀರಿನ ಹತ್ತಿರವೇ ಇರಬೇಕು ಅಂತಿಲ್ಲ, ಒಣ ಮರದ ಮೇಲೆ ಕೂತು ಹುಳು ಹಿಡಿಯುತ್ತದೆ. ಬೆಳಗಿನಿಂದ ಸಂಜೆವರೆಗೆ ಅದರದೇ ಕೂಗು. ಬಿಸಿಲು ಕೆಲವೊಮ್ಮೆ 40 ಡಿಗ್ರಿ ದಾಟುತ್ತದೆ. ಮಲೇರಿಯಾ ಇರುವ ಪ್ರದೇಶ, ಮಾತ್ರೆ ವಿಚಾರ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಉಳಿದುಕೊಳ್ಳುವುದು ಉದ್ಯಾನದೊಳಗೆ ಬೇಲಿ ಹಾಕಿದ ಕ್ಯಾಂಪುಗಳಲ್ಲಿ. ಆ ತಿಂಗಳಲ್ಲಿ ಕ್ಯಾಂಪಿನ ಗೇಟು ಬೆಳಗ್ಗೆ 4:30ಕ್ಕೆ ತೆರೆದು ಸಂಜೆ 6:30ಕ್ಕೆ ಮುಚ್ಚುತ್ತದೆ. ನಾನು ಗೇಟು ತೆರೆದ ಕೂಡಲೇ ಹೊರಟು ಒಂಬತ್ತರ ಹೊತ್ತಿಗೆ ವಾಪಸ್ ಬರುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತಿದ್ದು ಲೋವರ್ ಸಾಬಿ ಕ್ಯಾಂಪಿನ ಪಕ್ಕದ ಸನ್‌ಸೆಟ್ ಡ್ಯಾಮ್‌ನಲ್ಲಿ. ರಸ್ತೆ ನೀರಿನ ಅಂಚಿಗೇ ಹೋಗುತ್ತದೆ. ನೀರಾನೆಗಳ ಬೆನ್ನ ಮೇಲೆ ಹಕ್ಕಿಗಳು ಕೂತಿರುತ್ತವೆ, ದಡದಲ್ಲಿ ಮೊಸಳೆ. ಅರ್ಧ ಮುಖಗಳು ಪರಿಚಿತ! ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ದಬಕ್ಕನೆ ಬೀಳುವ ಕಪ್ಪು-ಬಿಳಿ ಮಿಂಚುಳ್ಳಿ ನಮ್ಮ ಕೆರೆಯಲ್ಲಿರುವ ಅದೇ ಜಾತಿ. ಬೂದು ಬಕವೂ ಅದೇ. ಹಳದಿ ಕೊಕ್ಕಿನ ಕೊಕ್ಕರೆ ಮಾತ್ರ ರಂಗನತಿಟ್ಟಿನ ಬಣ್ಣದ ಕೊಕ್ಕರೆಯ ದಾಯಾದಿ. ಅರ್ಧ ತೆರೆದ ಕೊಕ್ಕನ್ನು ನೀರಿಗಿಳಿಸಿ, ಕಾಲಲ್ಲಿ ಕೆಸರು ಕಲಕುತ್ತಾ, ಮೀನು ತಾಕಿದ ಕೂಡಲೇ ಪಟ್ಟನೆ ಮುಚ್ಚುವ ಆ ಚಾಳಿಯೂ ಒಂದೇ.

ಸ್ಕುಕುಜಾ ಕ್ಯಾಂಪಿನ ಹತ್ತಿರದ ಲೇಕ್ ಪ್ಯಾನಿಕ್‌ನಲ್ಲಿ ಮರದ ಮರೆಮನೆ ಇದೆ, ಅಲ್ಲಿ ಇಳಿದು ಕೂರಬಹುದು. ಆಫ್ರಿಕನ್ ದೇವನಕ್ಕಿಯ ಗಂಡು ಮರಿಗಳನ್ನು ರೆಕ್ಕೆಯಡಿ ಒತ್ತಿಕೊಂಡು ಎಲೆಗಳ ಮೇಲೆ ನಡೆದಿದ್ದನ್ನು ಅಲ್ಲೇ ನೋಡಿದೆ. ಮರಿಗಳ ಉದ್ದನೆ ಕಾಲುಗಳು ಕೆಳಗೆ ಜೋತಾಡುತ್ತಿದ್ದವು. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡಿನ ಕಡೆ ಹೋಗಿಬಿಡುತ್ತದೆ, ಬಾಣಂತನವೆಲ್ಲ ಅಪ್ಪನದೇ.

ನೆಲ ಮಂಗಟ್ಟೆಗಳು ಸಿಕ್ಕಿದ್ದು ಲೋವರ್ ಸಾಬಿ-ಸ್ಕುಕುಜಾ ರಸ್ತೆಯ ಮಧ್ಯದಲ್ಲೇ. ದಾಂಡೇಲಿಯ ಮಂಗಟ್ಟೆ ಹಣ್ಣಿನ ಮರ ಬಿಟ್ಟು ಕೆಳಗಿಳಿಯುವುದು ಅಪರೂಪ. ಇದು ನಡೆಯುವ ಹಕ್ಕಿ. ಮೈಯೆಲ್ಲ ಕಪ್ಪು, ಗಂಟಲಲ್ಲಿ ಕೆಂಪು ಚೀಲ, ಉದ್ದ ರೆಪ್ಪೆ. ಲುಂಗಿ ಕಟ್ಟಿಕೊಂಡು ತೋಟ ನೋಡಲು ಹೊರಟ ಯಜಮಾನರ ಗುಂಪಿನಂತೆ ಅವಸರವಿಲ್ಲದೆ ಹೋಗುತ್ತಿದ್ದವು. ಮಿಡತೆ, ಕಪ್ಪೆ, ಹಾವು, ಆಮೆ ಏನು ಸಿಕ್ಕರೂ ತಿನ್ನುತ್ತವೆ. ಗುಂಪಿನಲ್ಲಿ ಒಂದು ಜೋಡಿ ಮಾತ್ರ ಮರಿ ಮಾಡುತ್ತದೆ, ಉಳಿದವು ಸಾಕಲು ನೆರವಾಗುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಎರಡನೇ ಮರಿ ಹಸಿವಿನಿಂದ ಸಾಯುತ್ತದೆ. ಗೂಡಿಗೆ ದೊಡ್ಡ ಪೊಟರೆಯ ಹಳೇ ಮರ ಬೇಕು. ಇಷ್ಟೆಲ್ಲ ಷರತ್ತು ಇದ್ದಮೇಲೆ ಸಂಖ್ಯೆ ಹೇಗೆ ಏರೀತು? ದಕ್ಷಿಣ ಆಫ್ರಿಕಾದಲ್ಲಿ ಇದು ಅಳಿವಿನಂಚಿನ ಹಕ್ಕಿ. ನಸುಕಿನಲ್ಲಿ ದೂರದಿಂದ ಇವುಗಳ ಗುಮ್ಮೆನ್ನುವ ಕೂಗು ಕೇಳಿದರೆ ಮೊದಲು ಸಿಂಹವೇ ಅನಿಸುತ್ತದೆ.

ಕ್ರೂಗರ್‌ನದೇ ಸತಾರಾ ಕ್ಯಾಂಪಿನ ಸುತ್ತಿನ ಹುಲ್ಲುಗಾವಲಿಗೆ ಹೋಗಿದ್ದು ಕೋರಿ ಬಸ್ಟರ್ಡ್‌ಗಾಗಿ. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿನದು, ನಮ್ಮ ಎರ್ಲಡ್ಡಿನ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆಂಟ. ಸಿರುಗುಪ್ಪದ ಬಯಲಲ್ಲಿ ಎರ್ಲಡ್ಡು ಬೆರಳೆಣಿಕೆಗೆ ಇಳಿದಿದೆ. ಇಲ್ಲಿ ಅದರ ನೆಂಟ ರಸ್ತೆ ಪಕ್ಕ ಆರಾಮಾಗಿ ಮೇಯುತ್ತಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ.

ರಣಹದ್ದುಗಳಿಂದ ಒಂದು ಉಪಯೋಗ ಇದೆ. ಅವು ಕೆಳಗಿಳಿಯುತ್ತಿದ್ದರೆ ಅಲ್ಲಿ ಸತ್ತ ಪ್ರಾಣಿ ಇದೆ. ಸುತ್ತಲಿನ ಮರಗಳ ಮೇಲೆ ಸುಮ್ನೆ ಕೂತಿದ್ದರೆ ಸಿಂಹ ಇನ್ನೂ ಎದ್ದು ಹೋಗಿಲ್ಲ ಅಂತ ಅನುಮಾನಿಸಬಹುದು. ನನಗೆ ಸಿಂಹ ಕಂಡಿದ್ದೂ ಹೀಗೇ. ಆಕಾಶದಲ್ಲಿ ಸುತ್ತುವ ರಣಹದ್ದು ಬೇಟೆಯ ಜಾಗವನ್ನು ಕಾವಲುಗಾರರಿಗೆ ತೋರಿಸಿಬಿಡುತ್ತದೆ ಅಂತ ಕಳ್ಳಬೇಟೆಗಾರರು ಹೆಣಕ್ಕೆ ವಿಷ ಹಾಕಿ ಅವನ್ನು ಕೊಲ್ಲುತ್ತಾರೆ.

ಮಧ್ಯಾಹ್ನ ಕ್ಯಾಂಪಿನಲ್ಲೇ ಇರಿ. ಬೇಲಿಯೊಳಗೆ ನಡೆದಾಡಬಹುದು, ಅದೇ ದೊಡ್ಡ ಅನುಕೂಲ. ಸತಾರಾ ಕ್ಯಾಂಪಿನಲ್ಲಿ ಅಂಗೈಯಗಲದ ಸ್ಕಾಪ್ಸ್ ಗೂಬೆ ಮರದ ತೊಗಟೆಗೆ ಅಂಟಿಕೊಂಡು ನಿದ್ದೆ ಮಾಡುತ್ತಿತ್ತು. ಕೆಲಸದವರು ತೋರಿಸದಿದ್ದರೆ ಕಾಣುತ್ತಲೇ ಇರಲಿಲ್ಲ.

ಜೊಹಾನ್ಸ್‌ಬರ್ಗ್‌ನಿಂದ ಬರುವ ಹೆದ್ದಾರಿಯಲ್ಲೂ ಕಣ್ಣು ತೆರೆದಿರಲಿ. ಹುಲ್ಲುಬಯಲಿನ ತಂತಿಗಳ ಮೇಲೆ ಅಮುರ್ ಚಾಣಗಳು ಸಾಲಾಗಿ ಕೂತಿದ್ದವು. ಇವು ಸೈಬೀರಿಯಾ, ಚೀನಾ ಕಡೆಯಿಂದ ಹೊರಟು, ನಾಗಾಲ್ಯಾಂಡ್‌ನಲ್ಲಿ ಗೆದ್ದಲು ತಿಂದು ದಪ್ಪಗಾಗಿ, ಅರಬ್ಬಿ ಸಮುದ್ರ ದಾಟಿ ಬರುತ್ತವೆ. ವಿಮಾನದಲ್ಲಿ ಸೊಂಟ ನೋವು ಅಂತ ಗೊಣಗಿದವನು ನಾನು.

ಉತ್ತರದ ತುದಿಯ ಪಫುರಿಗೆ ಹೋಗಬೇಕೇ? ಲುವುವ್ಹು ನದಿ ಸೇತುವೆಯ ಸುತ್ತ ಉದ್ಯಾನದ ಬೇರೆಡೆ ಸುಲಭಕ್ಕೆ ಸಿಗದ ಹಕ್ಕಿಗಳಿವೆ, ಮೀನು ಹಿಡಿಯುವ ಪೆಲ್ಸ್ ಗೂಬೆಯೂ ಇದೆ. ಆದರೆ ಉದ್ಯಾನದ ಉದ್ದ ಸುಮಾರು 350 ಕಿ.ಮೀ. ಹಕ್ಕಿ ನೋಡುವವನ ವೇಗದಲ್ಲಿ ಒಂದೇ ದಿನಕ್ಕೆ ಆಗುವುದಲ್ಲ. ವಾರ ಇದ್ದರೆ ಉತ್ತರದ ಪುಂಡಾ ಮರಿಯಾ ಕ್ಯಾಂಪ್ ಬುಕ್ ಮಾಡಿ. ಮೂರ್ನಾಲ್ಕು ದಿನ ಅಷ್ಟೇ ಅಂದರೆ ಉತ್ತರದ ಆಸೆ ಬಿಟ್ಟು ಲೋವರ್ ಸಾಬಿಯಲ್ಲೇ ಉಳಿಯಿರಿ. ಅಲ್ಲಿನ ಕೋಣೆಗಳು ಬೇಗ ತುಂಬುತ್ತವೆ, ಹಾಗಾಗಿ ಟಿಕೆಟ್‌ಗಿಂತ ಮೊದಲು ಅದನ್ನು ನೋಡಿಕೊಳ್ಳಿ.