ಟ್ರ್ಯಾಕ್ಟರ್ ಟ್ರಾಲಿಗೆ ಏಳು ಪಿನ್ ಸಾಕೆಟ್ ಹಾಕಿಕೊಳ್ಳುವುದು ಹೇಗೆ

ಹೋದ ಸಲ ಕಬ್ಬಿನ ಸೀಜನ್‌ನಲ್ಲಿ ರಾತ್ರಿ ಆಳಂದ ರೋಡಿನಲ್ಲಿ ಹೊರಟಿದ್ದೆ. ಬಲಗಡೆ ಇಂಡಿಕೇಟರ್ ಹಾಕಿದರೆ ಟ್ರಾಲಿಯ ಹಿಂದಿನ ಲೈಟೆಲ್ಲ ಒಟ್ಟಿಗೆ ಮಿಣುಕುತ್ತಿದ್ದವು, ಹಿಂದಿದ್ದ ಬೈಕಿನವನು ಅಡ್ಡ ಬಂದು ನಿಲ್ಲಿಸಿ ಬೈಯುವವರೆಗೂ ನನಗದು ಗೊತ್ತೇ ಇರಲಿಲ್ಲ. ಮರುದಿನ ಬಿಚ್ಚಿ ನೋಡಿದರೆ ಟ್ರಾಲಿಗೆ ಅರ್ಥಿಂಗ್ ವೈರೇ (ಬಲ್ಬಿನ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ವೈರ್) ಎಳೆದಿರಲಿಲ್ಲ. ಎಲ್ಲ ಕಿತ್ತು, ಟ್ರ್ಯಾಕ್ಟರಿನಿಂದ ಟ್ರಾಲಿ ಲೈಟಿಗೆ ಕರೆಂಟ್ ಕೊಡುವ ಏಳು ಪಿನ್ ಸಾಕೆಟ್ ಹೊಸದಾಗಿ ಹಾಕಿದೆ. ಅರ್ಧ ದಿನದ ಕೆಲಸ, ನೀವೂ ಮಾಡಬಹುದು.

ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ಏಳು ಪಿನ್ನಿನ ಸಾಕೆಟ್, ಅದರ ಪ್ಲಗ್, ಏಳು ಕೋರ್ ಕೇಬಲ್ (ಒಳಗೆ ಏಳು ವೈರ್ ಇರುವುದು), ಲಗ್ಸ್ (ವೈರ್ ತುದಿಗೆ ಹಾಕುವ ಲೋಹದ ಕೊಂಡಿ), ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯಾಗುವ ಕೊಳವೆ) ತನ್ನಿ. ಮನೆ ವೈರಿಂಗ್‌ನಲ್ಲಿ ಉಳಿದ ಗಟ್ಟಿ ಒಂಟಿ ತಂತಿ ಬೇಡ, ಗಾಡಿ ಅಲ್ಲಾಡಿ ಅಲ್ಲಾಡಿ ಒಳಗೇ ಮುರಿಯುತ್ತದೆ. ಸಣ್ಣ ಎಳೆಗಳ 1.5 ಎಂಎಂ ವೈರ್ ಸಾಕು. ಬ್ರೇಕ್ ಬಲ್ಬ್ 21 ವ್ಯಾಟಿನದು, ಎರಡೂ ಸೇರಿ 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಅಷ್ಟೇ. ಅರ್ಥಿಂಗಿಗೆ ಮಾತ್ರ 2.5 ಎಂಎಂ ಹಾಕಿ, ಎಲ್ಲ ಬಲ್ಬಿನ ಕರೆಂಟೂ ವಾಪಸ್ ಬರುವುದು ಅದೊಂದರಲ್ಲೇ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಸಾಕೆಟ್ಟನ್ನು ಟ್ರ್ಯಾಕ್ಟರ್ ಹಿಂದೆ, ಲಿಫ್ಟ್ ತೋಳಿಗೂ ಪಿಟಿಒ ಶಾಫ್ಟಿಗೂ (ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ದಂಡಕ್ಕೂ) ತಾಗದ ಕಡೆ, ಮುಚ್ಚಳದ ಕೀಲು ಮೇಲೆ ಬರುವ ಹಾಗೆ ಕೂರಿಸಿ. ನಮ್ಮ ಎರೆಮಣ್ಣಿನ ರಾಡಿ ಒಳಗೆ ಹೊಕ್ಕರೆ ಒಣಗಿ ಸಿಮೆಂಟ್ ಆಗುತ್ತದೆ.

ಈಗ ಪಿನ್. ಒಳಗೆ ಸ್ಕ್ರೂ ಪಕ್ಕದಲ್ಲೇ ನಂಬರ್ ಇರುತ್ತದೆ. 1 ಎಡ ಇಂಡಿಕೇಟರ್, ಹಳದಿ ವೈರ್. 3 ಅರ್ಥಿಂಗ್, ಬಿಳಿ. 4 ಬಲ ಇಂಡಿಕೇಟರ್, ಹಸಿರು. 5 ಬಲಗಡೆಯ ಹಿಂದಿನ ಲೈಟ್, ಕಂದು. 6 ಬ್ರೇಕ್, ಕೆಂಪು. 7 ಎಡಗಡೆಯ ಹಿಂದಿನ ಲೈಟ್, ಕಪ್ಪು. 2ನೇದು ನೀಲಿ, ಫಾಗ್ ಲೈಟಿನದು, ನಮ್ಮ ಟ್ರಾಲಿಗೆ ಬೇಕಿಲ್ಲ, ಖಾಲಿ ಬಿಡಿ. ಯಾವ ಪಿನ್ನಾದರೇನು ಅಂತ ನಿಮ್ಮದೇ ಲೆಕ್ಕ ಹಾಕಬೇಡಿ. ತೊಗರಿ ರಾಶಿ ಟೈಮಿನಲ್ಲಿ ಪಕ್ಕದ ಹೊಲದವರ ಟ್ರಾಲಿ ಕೇಳಿ ತರುತ್ತೀರಲ್ವಾ, ಆಗ ಎಡಕ್ಕೆ ಹಾಕಿದರೆ ಬ್ರೇಕ್ ಲೈಟ್ ಹತ್ತುತ್ತದೆ.

ಆದರೆ ಟ್ರ್ಯಾಕ್ಟರಿನ ಹಳೆ ವೈರ್‌ನ ಬಣ್ಣ ನಂಬಬೇಡಿ, ಯಾರು ಯಾವಾಗ ಏನು ಜೋಡಿಸಿದ್ದಾರೋ. ಮೈನಸ್ ಒಂದು ಸಲ ವಾಪಸ್ ಹಾಕಿ, ಒಂದು ಬಲ್ಬಿಗೆ ಎರಡು ವೈರ್ ಕಟ್ಟಿ, ಒಂದು ತುದಿಯನ್ನು ಚಾಸಿಗೆ (ಟ್ರ್ಯಾಕ್ಟರಿನ ಕಬ್ಬಿಣದ ಮೈಗೆ) ಹಿಡಿದು, ಲೈಟ್, ಇಂಡಿಕೇಟರ್, ಬ್ರೇಕ್ ಒಂದೊಂದಾಗಿ ಹಾಕುತ್ತಾ ಇನ್ನೊಂದರಿಂದ ಒಂದೊಂದೇ ವೈರ್ ಮುಟ್ಟಿ ಬಲ್ಬ್ ಯಾವುದಕ್ಕೆ ಹತ್ತುತ್ತದೆ ನೋಡಿ. ಯಾವುದು ಯಾವುದೆಂದು ಗುರುತು ಹಾಕಿದ ಮೇಲೆ ಮೈನಸ್ ಮತ್ತೆ ತೆಗೆದು ಜೋಡಿಸಿ. ಬರೀ ಕರಿ ಟೇಪ್ ಸುತ್ತಿ ಬಿಟ್ಟರೆ ಕಲಬುರಗಿ ಬಿಸಿಲಿಗೆ ಅಂಟು ಕರಗಿ ಏಪ್ರಿಲ್ ಹೊತ್ತಿಗೆ ಬಿಚ್ಚಿಕೊಂಡಿರುತ್ತದೆ. ಬೆಸುಗೆ ಹಾಕಿ ಸ್ಲೀವ್ ಏರಿಸಿ.

ಅರ್ಥಿಂಗಿಗೆ ಬರೋಣ. ಕಬ್ಬಿಣಕ್ಕೆ ಕಬ್ಬಿಣ ತಾಗಿದೆ, ಕೊಂಡಿಯಲ್ಲೇ ಅರ್ಥಿಂಗ್ ಸಿಗುತ್ತದೆ ಅನ್ನುವವರು ಬಹಳ. ಸಿಗುತ್ತದೆ, ನಿಂತಾಗ. ಕೊಂಡಿಯಲ್ಲಿ ಗ್ರೀಸ್, ತುಕ್ಕು, ಮಣ್ಣು ಎಲ್ಲ ಇರುತ್ತವೆ, ಗಾಡಿ ಕುಲುಕಿದರೆ ಸಂಪರ್ಕ ಹೋಗಿ ಬಂದು ಮಾಡುತ್ತದೆ. ಆಗ ಇಂಡಿಕೇಟರಿನ ಕರೆಂಟ್ ದಾರಿ ಹುಡುಕಿಕೊಂಡು ಬೇರೆ ಬಲ್ಬಿನ ಮೂಲಕ ವಾಪಸ್ ಹೋಗುತ್ತದೆ. ನನಗೆ ಬೈಗುಳ ತಿನ್ನಿಸಿದ್ದು ಇದೇ. ಅದಕ್ಕೆ ಬಿಳಿ ವೈರನ್ನು ಟ್ರ್ಯಾಕ್ಟರ್ ಕಡೆ ಪೇಂಟ್ ಕೆರೆದು ಹೊಳೆಯುವ ಚಾಸಿಗೆ ಬೋಲ್ಟ್ ಮಾಡಿ. ಟ್ರಾಲಿ ಕಡೆ ಎರಡೂ ಲೈಟಿನವರೆಗೆ ನೇರ ಎಳೆಯಿರಿ, ಟ್ರಾಲಿಯ ಮೈಯನ್ನು ನಂಬಬೇಡಿ.

ಟ್ರಾಲಿ ಜೋಡಿಸಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಕೇಬಲ್ ಬಿಗಿಯುತ್ತದಾ, ಟೈರಿಗೆ ತಾಗುತ್ತದಾ ನೋಡಿ. ಆಮೇಲೆ ಲೈಟ್ ಹಾಕಿಯೇ ಇಂಡಿಕೇಟರ್, ಬ್ರೇಕ್ ಎರಡೂ ಒಟ್ಟಿಗೆ ಒತ್ತಿ ಪರೀಕ್ಷೆ ಮಾಡಿ, ಒಂದೊಂದೇ ನೋಡಿದರೆ ಅರ್ಥಿಂಗ್ ದೋಷ ಗೊತ್ತಾಗುವುದಿಲ್ಲ. ಇಂಡಿಕೇಟರಿನ ಟಕ್ ಟಕ್ ವೇಗ ಬದಲಾದರೆ ಫ್ಲ್ಯಾಷರ್ (ಇಂಡಿಕೇಟರನ್ನು ಮಿಣುಕಿಸುವ ಡಬ್ಬಿ) ಜಾಸ್ತಿ ಬಲ್ಬಿಗೆ ತಕ್ಕದ್ದಲ್ಲ, ಬದಲಿಸಿ.

ಇಷ್ಟೆಲ್ಲ ಮಾಡಿ ಕಬ್ಬನ್ನು ಹಿಂದಕ್ಕೆ ಜೋತುಬೀಳುವಂತೆ ಹೇರಿದರೆ ಲೈಟ್ ಮುಚ್ಚಿಹೋಗುತ್ತದೆ, ಸುಮ್ನೆ ದಂಡ. ಹಾಗೇ, ಟ್ರಾಲಿ ಬಿಡಿಸುವ ಮುಂಚೆ ಪ್ಲಗ್ ತೆಗೆಯಿರಿ. ನಾನು ಮರೆತು ಗೇರ್ ಹಾಕಿ ಈಗಾಗಲೇ ಎರಡು ಸಲ ಕಿತ್ತುಕೊಂಡಿದ್ದೇನೆ.